ಸಾರಿನ ಪುಡಿ ವ್ಯಾಪಾರ 12 ಲಕ್ಷದ ಹತ್ತಿರ ಬಂದಿದೆ: ಮನೆಯಲ್ಲೇ ಸ್ಟೇಟ್ ಲೈಸೆನ್ಸ್ ಸಿಗುತ್ತಾ, ಶೆಡ್ ಹಿಡಿಯಬೇಕಾ?

ಹನುಮಂತನಗರ_ಪುಡಿ | 2025 ನವೆಂಬರ್ 8

ಎಲ್ಲರಿಗೂ ನಮಸ್ಕಾರ. ಹನುಮಂತನಗರದ ನಮ್ಮ ಮನೆಯಿಂದಲೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ ಮಾಡಿ ಮಾರುತ್ತೇನೆ. ಲಾಕ್‌ಡೌನ್ ಕಾಲದಲ್ಲಿ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಿಂದ ಶುರುವಾಗಿದ್ದು. ಈಗ ನಾನು, ನಮ್ಮತ್ತೆ, ಜೊತೆಗೆ ಇಬ್ಬರು ಹೆಂಗಸರು ಇದ್ದೇವೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಬೇಸಿಕ್ ರಿಜಿಸ್ಟ್ರೇಶನ್ ಇದೆ, ವರ್ಷಕ್ಕೆ 100 ರೂಪಾಯಿಯದ್ದು.

ಜಯನಗರ, ಜೆ.ಪಿ. ನಗರದ ಕಡೆ ಕೆಲವು ಅಂಗಡಿ ಇಟ್ಟಿರುವ ಒಬ್ಬರು ನಮ್ಮ ಪುಡಿ ಇಡಲು ಒಪ್ಪಿದ್ದಾರೆ. ಆದರೆ "ನಿಮ್ಮ ನಂಬರ್ 2ರಿಂದ ಶುರುವಾಗುತ್ತೆ ಮೇಡಂ, ನಮಗೆ 1ರಿಂದ ಶುರುವಾಗೋ ಲೈಸೆನ್ಸ್ ಬೇಕು" ಎಂದು ಪಟ್ಟು ಹಿಡಿದಿದ್ದಾರೆ. ಅವರ ಆರ್ಡರ್ ಸೇರಿದರೆ ವರ್ಷದ ಮಾರಾಟ ರಿಜಿಸ್ಟ್ರೇಶನ್‌ಗೆ ಇರುವ 12 ಲಕ್ಷದ ಮಿತಿ ದಾಟುವುದು ಖಂಡಿತ.

ಮನೆ ಸ್ವಂತದ್ದು, ಮೊದಲ ಮಹಡಿ ಖಾಲಿ ಇದೆ. ಮುಂದಿನ ರಸ್ತೆ 30 ಅಡಿ. ಅಲ್ಲೇ ಲೈಸೆನ್ಸ್ ತೆಗೆದುಕೊಳ್ಳಬಹುದಾ? ಏಜೆಂಟ್ ಒಬ್ಬರು "ಎಲ್ಲಾ ಮಾಡಿಸಿಕೊಡ್ತೀನಿ, 25 ಸಾವಿರ ಕೊಡಿ" ಅಂತಿದ್ದಾರೆ. ಅಷ್ಟು ಆಗುತ್ತಾ? ಅನುಭವ ಇರುವವರು ದಯವಿಟ್ಟು ಹೇಳಿ.

ಎಳ್ಳುಬೆಲ್ಲ | ನವೆಂಬರ್ 8

ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀರಿ? ಪುಡಿ ನಿಮ್ಮ ಹೆಸರಲ್ಲಿ ಇರಲಿ, ಕೋಡುಬಳೆಗೆ ಯಜಮಾನರ ಹೆಸರಲ್ಲಿ ಇನ್ನೊಂದು ರಿಜಿಸ್ಟ್ರೇಶನ್ ಮಾಡಿಸಿ. ಎರಡೂ 12 ಲಕ್ಷದ ಒಳಗೆ. ಸುಮ್ನೆ ಆರಾಮಾಗಿರಿ.

ಲೆಕ್ಕದವ | ನವೆಂಬರ್ 8

ಎಳ್ಳುಬೆಲ್ಲ ಅವರೇ, ಹಾಗೆ ಮಾಡಿದರೆ ಅಂಗಡಿಯವರಿಗೆ ಬೇಕಾದ 1ರ ನಂಬರ್ ಎಲ್ಲಿಂದ ಬರುತ್ತೆ? ಇರುವ ಪ್ರಶ್ನೆಯೇ ಅದು. ಮೇಲಾಗಿ ಒಂದೇ ವಿಳಾಸ, ಒಂದೇ ಒಲೆ, ಒಂದೇ ಮಿಕ್ಸಿ, ಎರಡು ಹೆಸರು. ಯಾರಾದರೂ ದೂರು ಕೊಟ್ಟ ದಿನ ಈ ಜಾಣತನ ಉಳಿಯಲ್ಲ.

ಅಕ್ಕಾ, ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. 12 ಲಕ್ಷ ಅನ್ನುವುದು ಮಾರಾಟದ ಲೆಕ್ಕ, ಲಾಭದ ಲೆಕ್ಕ ಅಲ್ಲ. ನನ್ನ ಹತ್ತಿರ ಬರುವ ಅರ್ಧ ಜನ "ಕೈಗೆ ಉಳಿಯೋದು ಮೂರು ಲಕ್ಷ ಸಾರ್, ನಮಗ್ಯಾಕೆ ಲೈಸೆನ್ಸ್" ಅಂತಾರೆ. ತಿಂಗಳಿಗೆ ಒಂದು ಲಕ್ಷದ ಮಾಲು ಹೊರಟರೆ ನೀವು ಗಡಿಯಲ್ಲಿ ನಿಂತ ಹಾಗೆ. ದಿನಕ್ಕೆ 100 ಕೆ.ಜಿ. ತಯಾರಿಕೆಯ ಮಿತಿಯೂ ಇದೆ. ಯಾವುದು ಮೊದಲು ದಾಟಿದರೂ ರಿಜಿಸ್ಟ್ರೇಶನ್ ಸಾಕಾಗುವುದಿಲ್ಲ. ಅಲ್ಲಿಂದ 20 ಕೋಟಿವರೆಗೆ ಸ್ಟೇಟ್ ಲೈಸೆನ್ಸ್, ಅದರ ಮೇಲೆ ಸೆಂಟ್ರಲ್.

ಶುಲ್ಕ ಕೇಳಿದ್ರಿ. ದಿನಕ್ಕೆ ಒಂದು ಟನ್ ಒಳಗೆ ತಯಾರಿಸುವವರಿಗೆ ಸ್ಟೇಟ್ ಲೈಸೆನ್ಸ್ ಫೀ ವರ್ಷಕ್ಕೆ 3000 ರೂಪಾಯಿ, ಒಂದು ಟನ್ ದಾಟಿದರೆ 5000. ಎಫ್‌ಎಸ್‌ಎಸ್‌ಎಐಯ ಫೋಸ್‌ಕಾಸ್ ಪೋರ್ಟಲ್‌ನಲ್ಲಿ ನೀವೇ ಕಟ್ಟಬಹುದು. 25 ಸಾವಿರದಲ್ಲಿ ಸರ್ಕಾರಕ್ಕೆ ಹೋಗುವುದು ಎಷ್ಟು, ಏಜೆಂಟರಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಕಾಮಾಕ್ಷಿಪಾಳ್ಯ_ಶೆಡ್ | ನವೆಂಬರ್ 9

ನಾನು ಮಸಾಲೆ ಪುಡಿ ಮಾಡುವವನು. ನಮ್ಮದೂ ರಾಜಾಜಿನಗರದ ಮನೆಯಲ್ಲಿ ಶುರುವಾಗಿ ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಬಂದದ್ದು. ಲೈಸೆನ್ಸ್ ಫೀ, ಫಾರಂ ಇವುಗಳ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಕಷ್ಟ ಅಲ್ಲಿಲ್ಲ. ಜಾಗ ಯಾವುದು, ಮನೆಯಲ್ಲಿ ಮಾಡುವ ಐದು ಪದಾರ್ಥದಲ್ಲಿ ಯಾವುದನ್ನು ಜೊತೆಗೆ ಕರೆದುಕೊಂಡು ಹೋಗ್ತೀರಿ, ಈ ಎರಡನ್ನು ನಿರ್ಧಾರ ಮಾಡಿಕೊಳ್ಳಿ. ಉಳಿದದ್ದು ಕಾಗದದ ಕೆಲಸ.

ಜಾಗದ ವಿಷಯ ಮೊದಲು. ಲೈಸೆನ್ಸ್ ಕೊಡುವುದು ಆ ವಿಳಾಸಕ್ಕೆ. ಇವತ್ತು ಮನೆ ಮಹಡಿಯಲ್ಲಿ ತೆಗೆದುಕೊಂಡು ಎರಡು ವರ್ಷ ಬಿಟ್ಟು ಶೆಡ್ಡಿಗೆ ಹೋದರೆ ಅಲ್ಲಿಗೆ ಹೊಸ ಲೈಸೆನ್ಸ್, ಹೊಸ ನಂಬರ್. ಆ ನಂಬರ್ ಅಚ್ಚಾದ ಕವರೆಲ್ಲ ರದ್ದಿಗೆ. ಪ್ರಿಂಟೆಡ್ ಪೌಚ್ ಸಾವಿರಗಟ್ಟಲೆ ಮಾಡಿಸದಿದ್ದರೆ ರೇಟು ಇಳಿಯಲ್ಲ, ಹಾಗಾಗಿ ಮನೆಯಲ್ಲಿ ಯಾವಾಗಲೂ ಒಂದು ರಾಶಿ ಇದ್ದೇ ಇರುತ್ತೆ. ಆದ್ದರಿಂದ ಈಗಲೇ ಹೇಳುತ್ತೇನೆ: ಜಾಗ ಗಟ್ಟಿಯಾಗುವವರೆಗೆ ಪೌಚ್ ಮೇಲೆ ಹೆಸರು, ಚಿತ್ರ ಮಾತ್ರ ಅಚ್ಚು ಹಾಕಿಸಿ. ನಂಬರ್, ವಿಳಾಸ, ಬೆಲೆ, ತಾರೀಖು ಎಲ್ಲಾ ಸ್ಟಿಕರ್‌ನಲ್ಲಿ ಇರಲಿ.

ಮಹಡಿಯಲ್ಲಿ ಆಗುತ್ತಾ ಅಂದರೆ, ಎಫ್‌ಎಸ್‌ಎಸ್‌ಎಐ ಕಡೆಯಿಂದ "ಮನೆ" ಅನ್ನುವುದೇ ಅಡ್ಡಿ ಅಲ್ಲ. ಶೆಡ್ಯೂಲ್ 4 ಅಂತ ಇದೆ, ಅದರಲ್ಲಿರುವ ಶುಚಿತ್ವದ ನಿಯಮ ಪಾಲಿಸಬೇಕು. ಗೋಡೆ ತೊಳೆಯುವ ಹಾಗಿರಬೇಕು, ಕಿಟಕಿಗೆ ಜಾಲರಿ, ಒಳಗೆ ಬರುವಾಗಲೇ ಕೈ ತೊಳೆಯುವ ಜಾಗ, ಟಾಯ್ಲೆಟ್ ಬಾಗಿಲು ತಯಾರಿಕೆ ಕೋಣೆಗೆ ತೆರೆಯಬಾರದು, ಚೀಲ ನೆಲಕ್ಕೆ ತಾಗಬಾರದು, ಗೋಡೆಗೂ ಒರಗಿರಬಾರದು. ಬಲ್ಬಿಗೆ ಕವರ್ ಹಾಕಿ, ಒಡೆದರೆ ಗಾಜು ಪುಡಿಯೊಳಗೆ ಬೀಳಬಾರದು. ಕಚ್ಚಾ ಮಾಲು ಒಂದು ಕಡೆಯಿಂದ ಬಂದು ಪ್ಯಾಕ್ ಇನ್ನೊಂದು ಕಡೆಯಿಂದ ಹೊರಟರೆ ಒಳ್ಳೆಯದು. ನಿಮ್ಮ ಮಹಡಿಗೆ ಹೊರಗಿನಿಂದಲೇ ಮೆಟ್ಟಿಲು ಇದೆಯಾ? ಮನೆಯ ಹಾಲ್ ದಾಟಿ ಹೋಗಬೇಕಾದರೆ ಇನ್‌ಸ್ಪೆಕ್ಷನ್‌ಗೆ ಬಂದವರು ಒಪ್ಪುವುದು ಕಷ್ಟ.

ಗಂಟು ಇರುವುದು ಬೇರೆ ಇಲಾಖೆಗಳಲ್ಲಿ. ವಸತಿ ಪ್ರದೇಶ, 30 ಅಡಿ ರಸ್ತೆ ಅಂದರೆ ಪಾಲಿಕೆಯ ಟ್ರೇಡ್ ಲೈಸೆನ್ಸ್‌ಗೆ ತಕರಾರು ಬರುತ್ತದೆ. 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯಕ್ಕೆ ನಮ್ಮೂರಲ್ಲಿ ಹಿಂದಿನಿಂದ ಜಗಳ ಇದೆ. ಈ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಅಡಿ ಐದು ಪಾಲಿಕೆ ಆಗಿದೆ, ನಿಮ್ಮ ವಾರ್ಡ್ ಯಾವುದಕ್ಕೆ ಸೇರುತ್ತೆ ನೋಡಿಕೊಂಡು ಅಲ್ಲೇ ಮೊದಲು ವಿಚಾರಿಸಿ. ಆಮೇಲೆ ಕರೆಂಟ್. ಗೃಹಜ್ಯೋತಿ ಮೀಟರ್‌ನಲ್ಲಿ ಪಲ್ವರೈಸರ್ (ಪುಡಿ ಬೀಸುವ ಮೆಷಿನ್) ಓಡಿಸುವ ಯೋಚನೆ ಬಿಡಿ, ಅದು ಮನೆ ಬಳಕೆಯ ಮೀಟರ್‌ಗೆ ಮಾತ್ರ. ಬೆಸ್ಕಾಂನಿಂದ ಬೇರೆ ಕನೆಕ್ಷನ್ ಬೇಕು. ಸ್ವಲ್ಪ ದೊಡ್ಡ ಮೆಷಿನ್ ಅಂದರೆ ತ್ರೀ ಫೇಸ್. ಸಿಲಿಂಡರ್ ಕೂಡ 14.2 ಕೆ.ಜಿ.ಯ ಮನೆಯದ್ದು ಆಗಲ್ಲ, 19 ಕೆ.ಜಿ.ಯ ಕಮರ್ಷಿಯಲ್ಲೇ ಬೇಕು.

ಇನ್ನು ಪಕ್ಕದ ಮನೆಯವರು. ಬ್ಯಾಡಗಿ ಮೆಣಸಿನಕಾಯಿ ಎರಡು ಕೆ.ಜಿ. ಹುರಿದರೆ ಘಮ ಅಂತಾರೆ. ಇಪ್ಪತ್ತು ಕೆ.ಜಿ. ಹುರಿದರೆ ಕೆಮ್ಮಿಕೊಂಡು ಸ್ಟೇಷನ್‌ಗೆ ಹೋಗ್ತಾರೆ.

ಹನುಮಂತನಗರ_ಪುಡಿ | ನವೆಂಬರ್ 9

ಮೆಟ್ಟಿಲು ಹೊರಗಿನಿಂದಲೇ ಇದೆ. ಆದರೆ ಪಕ್ಕದ ಮನೆ ಅಜ್ಜಿಗೆ ಅಸ್ತಮಾ, ನೀವು ಹೇಳಿದ ಮೇಲೆ ಅದೇ ಯೋಚನೆ ಆಗ್ತಿದೆ. ಈಗ ಹುರಿಯುವುದು ಮನೆಯಲ್ಲಿ, ಬೀಸಿಸುವುದು ಏರಿಯಾದ ಫ್ಲೋರ್ ಮಿಲ್‌ನಲ್ಲಿ. ಅದೂ ಲೈಸೆನ್ಸ್‌ಗೆ ತೊಂದರೆ ಆಗುತ್ತಾ?

ಪರೀಕ್ಷಾಲಯ_ನಿವೃತ್ತೆ | ನವೆಂಬರ್ 9

ಆಗುತ್ತದೆ ಮಗಳೇ. ಮಿಲ್ಲೂ ಆಹಾರ ವ್ಯವಹಾರವೇ, ಅವರಿಗೂ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಹೆಚ್ಚಿನವರು ಮಾಡಿಸಿರುವುದಿಲ್ಲ. ಕಾಗದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನಿಮ್ಮ ಸಾರಿನ ಪುಡಿಗೆ ಮುಂಚೆ ಆ ಮೆಷಿನ್‌ನಲ್ಲಿ ಯಾರೋ ಗೋಧಿ ಬೀಸಿಸಿರುತ್ತಾರೆ, ಇನ್ನೊಬ್ಬರು ಸೋಯಾ ಹಾಕಿಸಿರುತ್ತಾರೆ. ಗೋಧಿಯ ಗ್ಲುಟೆನ್, ಸೋಯಾ, ಕಡಲೆಕಾಯಿ ಇವೆಲ್ಲ ಅಲರ್ಜಿ ಪಟ್ಟಿಯಲ್ಲಿವೆ, ಲೇಬಲ್ ಮೇಲೆ ಹೇಳಲೇಬೇಕು. ಒಳಗೆ ಏನು ಸೇರಿದೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ ಏನು ಬರೆಯುತ್ತೀರಿ? ಮೆಷಿನ್ ಸವೆದು ಬರುವ ಕಬ್ಬಿಣದ ಚೂರಿನ ಮಾತು ಬೇರೆ. ಸ್ವಂತ ಮೆಷಿನ್ ಇಟ್ಟಾಗ ಪುಡಿ ಬೀಳುವ ದಾರಿಯಲ್ಲಿ ಒಂದು ಒಳ್ಳೆ ಮ್ಯಾಗ್ನೆಟ್ ಹಾಕಿಸಿ. ಮೊದಲ ವಾರ ಅದಕ್ಕೆ ಅಂಟಿಕೊಂಡದ್ದನ್ನು ನೋಡಿದರೆ ಹಳೆಯ ಮಿಲ್ ಕಡೆ ತಿರುಗಿಯೂ ನೋಡುವುದಿಲ್ಲ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ನೀವು ಐದು ಪದಾರ್ಥ ಬರೆದಿದ್ದೀರಿ, ನನಗೆ ಅಲ್ಲಿ ಮೂರು ಬೇರೆ ಬೇರೆ ಕಾರ್ಖಾನೆ ಕಾಣುತ್ತದೆ.

ಸಾರಿನ ಪುಡಿ, ಹುಳಿಪುಡಿ ಒಣ ಮಸಾಲೆ. ನೀರಿನ ಅಂಶ ಕಡಿಮೆ, ಹಾಗಾಗಿ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬೆಳೆಯುವುದಿಲ್ಲ ಅಂದೆ, ಇರುವುದಿಲ್ಲ ಅನ್ನಲಿಲ್ಲ. ಧನಿಯಾ, ಮೆಣಸು ಕಣದಲ್ಲಿ ಒಣಗುವಾಗಲೇ ಸಾಲ್ಮೊನೆಲ್ಲಾ ಅಂಟಿಕೊಂಡಿರಬಹುದು, ಒಣ ಪುಡಿಯಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ. ಹುರಿಯುವುದು ಬರೀ ರುಚಿಗಲ್ಲ. ಮೆಣಸಿನಕಾಯಿಯಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ. ಮಸಾಲೆಗೆ ಅದರ ಮಿತಿ ಕೆ.ಜಿ.ಗೆ 30 ಮೈಕ್ರೊಗ್ರಾಂ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಯಶವಂತಪುರ ಎಪಿಎಂಸಿಯಲ್ಲಿ ಕೊಳ್ಳುವಾಗ ಕಾಯಿ ಮುರಿದು ಒಳಗೆ ನೋಡಿ. ಪುಡಿ ಮಾಡಿದ ಖಾರವನ್ನಂತೂ ಕೊಳ್ಳಲೇಬೇಡಿ, ಬಣ್ಣ ಬೆರೆತಿದ್ದರೆ ನಿಮ್ಮ ತಲೆಗೆ ಬರುತ್ತದೆ.

ಚಟ್ನಿಪುಡಿಗೆ ಕೊಬ್ಬರಿ ಹಾಕುತ್ತೀರಾ? ಹಾಗಿದ್ದರೆ ಅದರ ಆಯುಷ್ಯ ಕೊಬ್ಬರಿಯ ಆಯುಷ್ಯ. ಕಮಟು ವಾಸನೆ ಬಂದ ದಿನ ಮುಗಿಯಿತು. ಮನೆಯಲ್ಲಿ ಹದಿನೈದು ದಿನದಲ್ಲಿ ಖಾಲಿ ಆಗುವ ಪುಡಿಗೂ ಅಂಗಡಿಯ ಬಿಸಿಲು ಬೀಳುವ ಶೆಲ್ಫ್‌ನಲ್ಲಿ ಮೂರು ತಿಂಗಳು ಕೂರುವ ಪುಡಿಗೂ ಒಂದೇ ಪಾಕ ಆಗಲ್ಲ. ಕೊಬ್ಬರಿ ಕಡಿಮೆ ಮಾಡಬೇಕು, ಇಲ್ಲವೇ ಪೌಚ್ ಒಳ್ಳೆಯದಿರಬೇಕು, ಇಲ್ಲವೇ ತಾರೀಖು ಚಿಕ್ಕದಾಗಿರಬೇಕು.

ಗೊಜ್ಜು ಪೂರ್ತಿ ಬೇರೆ ಜಾತಿ. ಅದು ಒದ್ದೆ ಪದಾರ್ಥ. ಹುಣಸೆಹಣ್ಣಿನ ಹುಳಿ, ಉಪ್ಪು, ಬೆಲ್ಲ ಸೇರಿ ಕಾಪಾಡುತ್ತವೆ ನಿಜ, ಆದರೆ ಎಷ್ಟು ಕಾಪಾಡುತ್ತವೆ ಅಂತ ಅಳೆಯಬೇಕು. ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6ಕ್ಕಿಂತ ಕೆಳಗೆ ಇರಲೇಬೇಕು, ಪ್ರತಿ ಬ್ಯಾಚ್‌ನಲ್ಲೂ ಬರೆದಿಡಬೇಕು. ಮೇಲೆ ಎಣ್ಣೆ ತೇಲುತ್ತಿದ್ದರೆ ಏನೂ ಆಗಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಆದರೆ ಬೊಟುಲಿನಂ ಎಂಬ ವಿಷ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದೇ ಗಾಳಿ ಇಲ್ಲದ ಜಾಗ. ಹುಳಿ ಸಾಕಷ್ಟಿಲ್ಲದೆ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಶೆಲ್ಫ್‌ನಲ್ಲಿ ಇಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ.

ಕೋಡುಬಳೆ ಕರಿದ ತಿಂಡಿ. ಅಲ್ಲಿ ಎಣ್ಣೆಯೇ ಪ್ರಶ್ನೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಎಷ್ಟು ಕೆಟ್ಟಿದೆ ಎನ್ನುವ ಅಳತೆ) 25 ಶೇಕಡಾ ದಾಟಿದರೆ ಬಳಸುವ ಹಾಗಿಲ್ಲ, 2018ರಿಂದ ಇರುವ ನಿಯಮ.

ಕಾಮಾಕ್ಷಿಪಾಳ್ಯ_ಶೆಡ್ | ನವೆಂಬರ್ 10

ಮೇಡಂ ಹೇಳಿದ ಮೂರು ಕಾರ್ಖಾನೆ ಮಾತು ನನ್ನ ಮಾತಿಗೆ ಸರಿಯಾಗಿ ಸೇರುತ್ತದೆ. ಅರ್ಜಿಯಲ್ಲೂ ಇವು ಬೇರೆ ಬೇರೆ. ಮಸಾಲೆ 12ನೇ ಕೆಟಗರಿ, ಕರಿದ ಖಾರದ ತಿಂಡಿ 15ನೇದು. ಯಾವುದು ಮಾಡುತ್ತೀರೋ ಅದು ಲೈಸೆನ್ಸ್‌ನಲ್ಲಿ ನಮೂದಾಗಿರಬೇಕು. ಅದರ ಮೇಲೆ ಲೈಸೆನ್ಸ್ ಇರುವ ತಯಾರಕರು ಆರು ತಿಂಗಳಿಗೊಮ್ಮೆ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಪದಾರ್ಥ ಪರೀಕ್ಷೆ ಮಾಡಿಸಿ ರಿಪೋರ್ಟ್ ಪೋರ್ಟಲ್‌ಗೆ ಹಾಕಬೇಕು. ಪದಾರ್ಥ ಜಾಸ್ತಿ ಆದಷ್ಟೂ ಲ್ಯಾಬ್ ಬಿಲ್ ಜಾಸ್ತಿ. 3000 ರೂಪಾಯಿ ಲೈಸೆನ್ಸ್ ಅಂತ ಸಂತೋಷಪಟ್ಟವರು ಇಲ್ಲಿ ಬೆವರುತ್ತಾರೆ.

ನನ್ನ ಸಲಹೆ: ಸಾರಿನ ಪುಡಿ, ಹುಳಿಪುಡಿ ಎರಡೇ ತೆಗೆದುಕೊಂಡು ಹೊರಡಿ. ಗೊಜ್ಜು ಎರಡನೇ ವರ್ಷಕ್ಕೆ. ಕೋಡುಬಳೆ ಬಿಟ್ಟುಬಿಡಿ. ಅದು ಒಡೆಯುತ್ತೆ, ಜಾಗ ತಿನ್ನುತ್ತೆ, ಒಂದು ಡಬ್ಬದಲ್ಲಿ ಅರ್ಧ ಗಾಳಿಯನ್ನೇ ಸಾಗಿಸಬೇಕು. ಪುಡಿ ಒಂದು ಕೆ.ಜಿ. ಅಂದರೆ ಒಂದು ಕೆ.ಜಿ.

ಹುರಿಯುವ ವಿಷಯ ಮಾತ್ರ ಈಗಲೇ ಅಭ್ಯಾಸ ಮಾಡಿ. ಬಾಣಲೆಯಲ್ಲಿ ಅತ್ತೆಯವರು ಬಣ್ಣ ನೋಡಿ, ಮೂಗಿನಲ್ಲಿ ಹಿಡಿದು ಇಳಿಸುತ್ತಾರೆ ಅಲ್ವಾ? ಡ್ರಮ್ ರೋಸ್ಟರ್‌ನಲ್ಲಿ ಹಾಗೆ ಆಗಲ್ಲ. ಬೆಂಕಿ ಆರಿಸಿದ ಮೇಲೂ ಒಳಗಿನ ಕಾವಿಗೆ ಧನಿಯಾ ಹುರಿಯುತ್ತಲೇ ಇರುತ್ತದೆ, ಸ್ವಲ್ಪ ಮುಂಚೆಯೇ ತೆಗೆಯಬೇಕು. ಮೆಂತ್ಯ ಅರ್ಧ ನಿಮಿಷ ಹೆಚ್ಚಾದರೆ ಇಡೀ ಬ್ಯಾಚ್ ಕಹಿ. ಪಲ್ವರೈಸರ್ ಬಿಸಿಗೆ ಘಮ ಹಾರಿಹೋಗುತ್ತದೆ, ಅದಕ್ಕೆ ಹುರಿದದ್ದು ಪೂರ್ತಿ ತಣ್ಣಗಾದ ಮೇಲೆ ಹಾಕಬೇಕು, ಬೀಸಿದ ಪುಡಿಯನ್ನು ಹರಡಿ ಆರಿಸಿಯೇ ಪ್ಯಾಕ್ ಮಾಡಬೇಕು. ಬಿಸಿ ಪುಡಿ ಕವರ್‌ಗೆ ಹಾಕಿದರೆ ಒಳಗೆ ಬೆವರು ಕಟ್ಟಿ ಗಂಟಾಗುತ್ತದೆ. ಅತ್ತೆಯವರ ಪಕ್ಕ ತಕ್ಕಡಿ, ಗಡಿಯಾರ ಇಟ್ಟುಕೊಂಡು ಕೂರಿ. ಅವರ "ಒಂದು ಹಿಡಿ", "ಸ್ವಲ್ಪ ಕೆಂಪಗೆ" ಎಲ್ಲವೂ ಗ್ರಾಂ, ನಿಮಿಷ ಆಗಿ ಪುಸ್ತಕಕ್ಕೆ ಬರಬೇಕು. ಅವರಿಗೆ ಜ್ವರ ಬಂದ ವಾರವೂ ಅದೇ ರುಚಿ ಹೊರಡಬೇಕು. ನನ್ನ ಮಟ್ಟಿಗೆ ಫ್ಯಾಕ್ಟರಿ ಅಂದರೆ ಅದೇ.

ಗಾಂಧಿಬಜಾರ್_ಗಿರಾಕಿ | ನವೆಂಬರ್ 10

ನಾನು ವ್ಯಾಪಾರಿ ಅಲ್ಲ, ತಿನ್ನುವವನು. ಒಂದು ಕೇಳಲಾ? ಜನ ನಿಮ್ಮ ಹತ್ತಿರ ಬರುವುದು ಮನೆಯದ್ದು ಅಂತ. ಶೆಡ್ಡಿಗೆ ಹೋದ ಮೇಲೂ "ಹೋಮ್ ಮೇಡ್" ಅಂತ ಬರೆಯುತ್ತೀರಾ? ಗಾಂಧಿಬಜಾರ್‌ನಲ್ಲಿ ಪ್ರತಿ ಎರಡನೇ ಪ್ಯಾಕೆಟ್ ಮೇಲೂ ಅದೇ ಇದೆ.

ಪರೀಕ್ಷಾಲಯ_ನಿವೃತ್ತೆ | ನವೆಂಬರ್ 10

ಬರೆಯಬಾರದು. ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರ ನಿಯಮ ಇದೆ. ಗಿರಾಕಿಗೆ ತಪ್ಪು ಅರ್ಥ ಬರುವ ಹಾಗೆ ಹೋಮ್ ಮೇಡ್ ಎಂದು ಹಾಕುವ ಹಾಗಿಲ್ಲ. ನ್ಯಾಚುರಲ್, ಪ್ಯೂರ್, ಟ್ರೆಡಿಷನಲ್ ಮುಂತಾದ ಮಾತುಗಳಿಗೂ ಷರತ್ತು ಇದೆ.

ಲೇಬಲ್ ಬಗ್ಗೆ ಹೇಳಿಯೇ ಬಿಡುತ್ತೇನೆ. ಪದಾರ್ಥದ ಹೆಸರು, ಒಳಗೆ ಹಾಕಿದ್ದು ತೂಕದಲ್ಲಿ ಜಾಸ್ತಿಯಿಂದ ಕಡಿಮೆಗೆ, ಹಸಿರು ಚುಕ್ಕಿ, ಅಲರ್ಜಿ, ನಿವ್ವಳ ತೂಕ, ಬ್ಯಾಚ್ ನಂಬರ್, ತಯಾರಾದ ತಾರೀಖು, ಯಾವತ್ತಿನವರೆಗೆ ಬಳಸಬಹುದು, ಎಫ್‌ಎಸ್‌ಎಸ್‌ಎಐ ಲೋಗೊ ಜೊತೆ 14 ಅಂಕಿಯ ನಂಬರ್, ಪೂರ್ತಿ ವಿಳಾಸ. ಪೋಷಕಾಂಶದ ಪಟ್ಟಿ ಯಾವುದಕ್ಕೆ ಬೇಕು, ಯಾವುದಕ್ಕೆ ವಿನಾಯಿತಿ ಅಂತ ಲ್ಯಾಬ್‌ನವರೇ ಹೇಳುತ್ತಾರೆ. ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಜೊತೆಗೆ ಹಾಕಿ. ನಮ್ಮ ಊರಿನ ಪುಡಿ ಮೇಲೆ ಕನ್ನಡ ದೊಡ್ಡದಾಗಿಯೇ ಇರಲಿ ಅನ್ನುವವಳು ನಾನು.

ಲೆಕ್ಕದವ | ನವೆಂಬರ್ 10

ಮೇಡಂ ಪಟ್ಟಿಗೆ ಎಂಆರ್‌ಪಿ ಸೇರಿಸಿ, ತೆರಿಗೆ ಎಲ್ಲಾ ಒಳಗೊಂಡು. ಗ್ರಾಂಗೆ ಎಷ್ಟು ಬಿತ್ತು ಎನ್ನುವ ಬೆಲೆ ಮತ್ತು ಗಿರಾಕಿ ದೂರು ಕೊಡಲು ಫೋನ್, ಇ-ಮೇಲ್ ಕೂಡ. ಇದು ಕಾನೂನು ಮಾಪನಶಾಸ್ತ್ರ ಇಲಾಖೆಯ 2011ರ ಪ್ಯಾಕೇಜ್ ನಿಯಮ. ಅವರ ಹತ್ತಿರ ಪ್ಯಾಕರ್ ಎಂದು ನೋಂದಣಿ ಬೇಕು, ಶುಲ್ಕ 500. ತೂಕದ ಯಂತ್ರಕ್ಕೂ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಫುಡ್ ಲೈಸೆನ್ಸ್ ಸರಿ ಇದ್ದು ಇದೊಂದು ಮರೆತು ದಂಡ ಕಟ್ಟಿದವರು ಬಹಳ.

ಜಿಎಸ್‌ಟಿ: ಸರಕು ಮಾತ್ರ ಮಾರುವವರಿಗೆ, ರಾಜ್ಯದೊಳಗೆ, 40 ಲಕ್ಷದವರೆಗೆ ಬೇಡ. ಹೊಸೂರಿನ ಅಂಗಡಿಗೆ ಒಂದು ಡಬ್ಬ ಬಿಲ್ ಮಾಡಿದರೂ ಅದು ಹೊರ ರಾಜ್ಯ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಈ ಸೆಪ್ಟೆಂಬರ್ 22ರಿಂದ ಉಪ್ಪಿನಕಾಯಿ, ಪ್ಯಾಕ್ ಮಾಡಿದ ಖಾರದ ತಿಂಡಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಅದು ಒಳ್ಳೆಯದೇ ಆಯಿತು.

ಜುಲೈನಲ್ಲಿ ನಡೆದದ್ದು ನೆನಪಿದೆ ಅಲ್ವಾ? ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ವಾಣಿಜ್ಯ ತೆರಿಗೆ ನೋಟಿಸ್ ಬಂತು, ಅಂಗಡಿ ಮುಂದೆ "ನೋ ಯುಪಿಐ" ಬೋರ್ಡ್ ಬಿತ್ತು. ಆಮೇಲೆ ಹಳೆ ಬಾಕಿ ಕೇಳಲ್ಲ ಎಂದು ಸರ್ಕಾರ ಹೇಳಿತು. ಅದರಿಂದ ನೀವು ತಿಳಿಯಬೇಕಾದ್ದು ಇಷ್ಟು: ಮನೆ ಖರ್ಚಿನ ಖಾತೆ, ಪುಡಿ ವ್ಯಾಪಾರದ ಖಾತೆ ಬೇರೆ ಮಾಡಿ. ಚೀಟಿ ದುಡ್ಡು, ತಂಗಿ ಕಳಿಸಿದ ದುಡ್ಡು, ಪುಡಿ ದುಡ್ಡು ಎಲ್ಲಾ ಒಂದೇ ಕ್ಯೂಆರ್‌ನಲ್ಲಿ ಬಂದರೆ ಮುಂದೆ ಬಿಡಿಸಿ ಹೇಳುವುದು ಕಷ್ಟ. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಉಚಿತ, ಅದಕ್ಕೂ ಏಜೆಂಟರಿಗೆ ದುಡ್ಡು ಕೊಡಬೇಡಿ.

ಮಲ್ಲೇಶ್ವರ_ಹಪ್ಪಳ | ನವೆಂಬರ್ 11

ಎಲ್ಲರೂ ಬೆಳೆಯುವ ದಾರಿ ಹೇಳುತ್ತಿದ್ದೀರಿ. ನಾನು ಬೆಳೆಯದೆ ಉಳಿದವಳು, ಬೇಕಂತಲೇ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ನನಗೂ ಅಂಗಡಿಯವರು ಬಂದಿದ್ದರು. ಅವರು ಕೇಳಿದ ಮಾರ್ಜಿನ್, ಉಧಾರಿ, ಮಾರಾಟವಾಗದ್ದು ವಾಪಸ್ ಎಂಬ ಷರತ್ತು ಎಲ್ಲಾ ಕೂಡಿಸಿ ನೋಡಿದೆ. ಕೆಲಸ ದುಪ್ಪಟ್ಟು, ಕೈಗೆ ಬರುವುದು ಹೆಚ್ಚು ಕಡಿಮೆ ಅಷ್ಟೇ. ಬೇಡ ಎಂದೆ.

ನಿಮ್ಮ ಅಂಗಡಿಯವರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ, ಕೇಳಿದಿರಾ? ಇಲ್ಲಿ ಇಷ್ಟೊಂದು ಜನ ಬರೆದಿದ್ದಾರೆ, ಒಬ್ಬರೂ ಅದನ್ನು ಕೇಳಲಿಲ್ಲ.

ಹನುಮಂತನಗರ_ಪುಡಿ | ನವೆಂಬರ್ 11

ಕೇಳಿರಲಿಲ್ಲ, ಇವತ್ತು ಫೋನ್ ಮಾಡಿದೆ. ಮಾಲು ಮಾರಾಟವಾದ ಮೇಲೆ, 45 ದಿನಕ್ಕೆ ಅಂತಾರೆ. ಅಂಗಡಿ ಕಮಿಷನ್ 30 ಶೇಕಡಾ. ಅವಧಿ ಮುಗಿದದ್ದು ವಾಪಸ್.

ಕಾಮಾಕ್ಷಿಪಾಳ್ಯ_ಶೆಡ್ | ನವೆಂಬರ್ 11

ಮಲ್ಲೇಶ್ವರದ ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಒಂದು ಮಾತ್ರ ಲೆಕ್ಕದಲ್ಲಿಡಿ. ನೀವು ಉದ್ಯಮ್‌ನಲ್ಲಿ ನೋಂದಾಯಿಸಿದ ಸಣ್ಣ ತಯಾರಕರಾದರೆ ಕೊಂಡವರು ದುಡ್ಡು ಕೊಡಲು ಕಾನೂನಿನಲ್ಲಿ ಗರಿಷ್ಠ ಅವಧಿಯೇ 45 ದಿನ. ಆದರೆ "ಮಾರಾಟವಾದ ಮೇಲೆ" ಅಂದರೆ ಅವರು ಕೊಂಡೇ ಇಲ್ಲ, ನಿಮ್ಮ ಮಾಲು ಅವರ ಶೆಲ್ಫ್‌ನಲ್ಲಿ ಕೂತಿದೆ ಅಷ್ಟೇ. ಆ ಷರತ್ತಿಗೆ ಒಪ್ಪಬೇಡಿ. ಬಿಲ್ ತಾರೀಖಿನಿಂದ 30 ದಿನ ಕೇಳಿ, ಕಮಿಷನ್ ಬೇಕಾದರೆ ಇಷ್ಟೇ ಇರಲಿ.

ಒಂದೇ ಅಂಗಡಿಯವರನ್ನು ನಂಬಿ ಶೆಡ್ ಹಿಡಿಯಬೇಡಿ. ಶೆಡ್‌ಗೆ ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳುವವರೇ ಜಾಸ್ತಿ, ನಮ್ಮೂರು ಗೊತ್ತಲ್ಲ.

ಯಲಹಂಕ_ಹಿಟ್ಟು | ನವೆಂಬರ್ 12

ದೋಸೆ ಹಿಟ್ಟು ಮಾಡುವವನು ನಾನು, ತಡವಾಗಿ ಬರುತ್ತಿದ್ದೇನೆ. ದುಡ್ಡಿನ ವಿಷಯಕ್ಕೆ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆ ಯಾರೂ ಹೇಳಲಿಲ್ಲ. 2020ರಲ್ಲಿ ಬಂದದ್ದು, ಕಿರು ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ 35 ಶೇಕಡಾ ಸಬ್ಸಿಡಿ, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಮೇಲೆ 15 ಶೇಕಡಾ ಸೇರಿಸುತ್ತದೆ, ಒಟ್ಟು 50 ಶೇಕಡಾ, 15 ಲಕ್ಷದವರೆಗೆ. ಇಲ್ಲಿ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಕೆಪೆಕ್ ನಿಗಮ. ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನ ಅಂತ ಇದೆ, ಬೆಂಗಳೂರು ನಗರಕ್ಕೆ ಬೇಕರಿ ಪದಾರ್ಥ ಎಂದು ಗುರುತಿಸಿದ್ದರೂ ಬೇರೆ ತಿನಿಸಿನವರಿಗೂ ಸಿಗುತ್ತದೆ. ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳು ಇದ್ದಾರೆ, ಯೋಜನಾ ವರದಿ ಬರೆಯಲು ಅವರೇ ಸಹಾಯ ಮಾಡುತ್ತಾರೆ. ಯೋಜನೆಯ ಅವಧಿ 2025-26ರವರೆಗೆ, ಅದಕ್ಕೆ ಬೇಗ ಹೋಗಿ.

ಆದರೆ ಸಬ್ಸಿಡಿ ಕೈಗೆ ಬರುತ್ತದೆ ಎಂದುಕೊಂಡರೆ ನಿರಾಸೆ. ಅದು ಮೂರು ವರ್ಷ ನಿಮ್ಮ ಸಾಲದ ಖಾತೆಯ ಪಕ್ಕದಲ್ಲಿ ಕೂತಿರುತ್ತದೆ, ಘಟಕ ನಡೆಯುತ್ತಿದ್ದು ಕಂತು ಸರಿಯಾಗಿ ಕಟ್ಟಿದ್ದರೆ ಆಮೇಲೆ ಸಾಲಕ್ಕೆ ಹೊಂದಿಕೆ. ಕನಿಷ್ಠ 10 ಶೇಕಡಾ ನಿಮ್ಮ ದುಡ್ಡು ಹಾಕಬೇಕು. ಸಬ್ಸಿಡಿ ಇದೆ ಅಂತ ಬೇಡದ ಮೆಷಿನ್ ಕೊಂಡು ಮೂಲೆಗೆ ಹಾಕಿದವರನ್ನು ನೋಡಿದ್ದೇನೆ.

ಶೆಡ್ ಬೇಡ, ಮಹಡಿಯೂ ಬೇಡ ಅಂದರೆ ಇನ್ನೊಂದು ದಾರಿ ಇದೆ. ಲೈಸೆನ್ಸ್ ಇರುವ ಮಸಾಲೆ ಘಟಕದಲ್ಲಿ ನಿಮ್ಮ ಪಾಕದ ಪ್ರಕಾರ ಹುರಿದು ಬೀಸಿ ಪ್ಯಾಕ್ ಮಾಡಿಸಿಕೊಳ್ಳಬಹುದು. ಲೇಬಲ್ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್ ಅವರದ್ದು, ಬ್ರ್ಯಾಂಡ್ ನಿಮ್ಮದು. ಮಾರುವವರಾಗಿ ನಿಮ್ಮ ನಂಬರ್ ಕೂಡ ಬೇಕಾಗುತ್ತದೆ. ಅಂಗಡಿಗಳಿಗೆ ಅದು ಹೋಗಲಿ, ಮನೆಯ ಗಿರಾಕಿಗೆ ಮನೆಯದೇ ಹೋಗಲಿ. ಒಂದು ವರ್ಷ ಹೀಗೆ ನೋಡಿದರೆ ಅಂಗಡಿ ವ್ಯಾಪಾರ ಗಟ್ಟಿಯಾಗಿ ನೆಲೆ ನಿಲ್ಲುತ್ತಾ ಇಲ್ವಾ ಗೊತ್ತಾಗುತ್ತದೆ.

ಹನುಮಂತನಗರ_ಪುಡಿ | ನವೆಂಬರ್ 12

ಪಾಕ ಹೊರಗೆ ಕೊಡುವುದಕ್ಕೆ ಅತ್ತೆ ಸುತರಾಂ ಒಪ್ಪಲ್ಲ. "ನನ್ನ ಅಮ್ಮನ ಅಳತೆ ಯಾರಿಗೋ ಬರೆದುಕೊಡ್ತೀಯಾ" ಅಂದರು.

ಯಲಹಂಕ_ಹಿಟ್ಟು | ನವೆಂಬರ್ 12

ಹುರಿದು, ಬೆರೆಸಿದ್ದನ್ನು ನೀವೇ ಕೊಡಿ ಎನ್ನೋಣ ಅಂದರೆ ಆಗ ಮತ್ತೆ ಮನೆಯೇ ತಯಾರಿಕೆಯ ಜಾಗ ಆಗುತ್ತದೆ. ಹಾಗಾಗಿ ಅತ್ತೆಯವರದ್ದೇ ಕೊನೆ ಮಾತಾದರೆ ಈ ದಾರಿ ಮುಚ್ಚಿತು.

ಲೆಕ್ಕದವ | ನವೆಂಬರ್ 13

ಸ್ವಂತ ಲೈಸೆನ್ಸ್ ಅಂದರೆ ಇವನ್ನು ಜೋಡಿಸಲು ಈಗಲೇ ಶುರು ಮಾಡಿ: ಜಾಗದ ನಕ್ಷೆ, ಒಳ-ಹೊರಗಿನ ಫೋಟೊ, ಮೆಷಿನ್ ಪಟ್ಟಿ ಹಾರ್ಸ್‌ಪವರ್ ಸಹಿತ, ಮನೆ ಪತ್ರ ಅಥವಾ ಬಾಡಿಗೆ ಕರಾರು, ನೀರಿನ ಪರೀಕ್ಷೆ ವರದಿ, ಆಹಾರ ಸುರಕ್ಷತಾ ಯೋಜನೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವವರಿಗೆ ನೀರಿನ ವರದಿಯಲ್ಲೇ ತಡೆ ಬೀಳುವುದು ಜಾಸ್ತಿ. ಕೆಲಸದ ಹೆಂಗಸರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ. ಒಬ್ಬರು ಫೋಸ್ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿ ಮುಗಿಸಿರಬೇಕು. ತಯಾರಿಕೆ ನೋಡಿಕೊಳ್ಳಲು ತಾಂತ್ರಿಕ ವ್ಯಕ್ತಿ ಬೇಕು ಅನ್ನುವುದೂ ಲೈಸೆನ್ಸ್ ಷರತ್ತಿನಲ್ಲಿದೆ: ಕೆಮಿಸ್ಟ್ರಿ, ಮೈಕ್ರೊಬಯಾಲಜಿ ಅಥವಾ ಫುಡ್ ಅಂಡ್ ನ್ಯೂಟ್ರಿಷನ್ ಓದಿದ ವಿಜ್ಞಾನ ಪದವೀಧರರು, ಇಲ್ಲವೇ ಫುಡ್ ಟೆಕ್ನಾಲಜಿ ಡಿಪ್ಲೊಮಾ ಆದವರು. ಮನೆಯಲ್ಲಿ ಯಾರಾದರೂ ಇದ್ದಾರಾ?

ಲೈಸೆನ್ಸ್ ಬಂದ ಮೇಲೆ ಪ್ರತಿ ವರ್ಷ ಮೇ 31ರೊಳಗೆ ಡಿ1 ವಾರ್ಷಿಕ ವಿವರ ಸಲ್ಲಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ.

ಹನುಮಂತನಗರ_ಪುಡಿ | ನವೆಂಬರ್ 13

ನಾನೇ ಬಿ.ಎಸ್‌ಸಿ., ಕೆಮಿಸ್ಟ್ರಿ! ಮದುವೆ ಆದ ಮೇಲೆ ಆ ಸರ್ಟಿಫಿಕೇಟ್ ಬೀರುವಿನಿಂದ ಹೊರಗೆ ಬಂದೇ ಇಲ್ಲ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಅಂಗಡಿಯವರಿಗೆ 30 ದಿನದ ಷರತ್ತು ಹೇಳುತ್ತೇನೆ, ಒಪ್ಪದಿದ್ದರೆ ಬೇಡ. ಪಾಲಿಕೆ ಕಚೇರಿಯಲ್ಲಿ ಮಹಡಿ ಬಗ್ಗೆ ವಿಚಾರಿಸುತ್ತೇನೆ, ಆಗಲ್ಲ ಅಂದರೆ ಲಗ್ಗೆರೆ, ಕಾಮಾಕ್ಷಿಪಾಳ್ಯದ ಕಡೆ ಚಿಕ್ಕ ಶೆಡ್ ನೋಡುತ್ತೇವೆ. ಸಾರಿನ ಪುಡಿ, ಹುಳಿಪುಡಿ ಎರಡೇ. ಕೋಡುಬಳೆ ನಿಲ್ಲಿಸುವುದಕ್ಕೆ ಮನಸ್ಸಿಲ್ಲ, ಹಳೇ ಗಿರಾಕಿಗಳು ಬೈಯುತ್ತಾರೆ.

ಪರೀಕ್ಷಾಲಯದ ಮೇಡಂ, ಲ್ಯಾಬ್‌ಗೆ ಸ್ಯಾಂಪಲ್ ಕೊಡುವಾಗ ಎಷ್ಟು ಕೊಡಬೇಕು? ಶೆಲ್ಫ್ ಲೈಫ್ ಪರೀಕ್ಷೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲೇ ಮಾಡಿಸಬೇಕಾ?

ಪರೀಕ್ಷಾಲಯ_ನಿವೃತ್ತೆ | ನವೆಂಬರ್ 14

ಅಲ್ಲೇ ಆಗಬೇಕೆಂದಿಲ್ಲ. ಮಾನ್ಯತೆ ಇರುವ ಲ್ಯಾಬ್‌ಗಳು ಬೆಂಗಳೂರಲ್ಲೇ ಇವೆ. ಪ್ರಕ್ರಿಯೆಯನ್ನೇ ಕಲಿಯಬೇಕು, ತರಬೇತಿ ಬೇಕು ಅಂದರೆ ಸಿಎಫ್‌ಟಿಆರ್‌ಐಗೆ ಹೋಗಿ ಬನ್ನಿ, ದುಡ್ಡಿಗೆ ಮೋಸವಿಲ್ಲ.

ಎಷ್ಟು ಕೊಡಬೇಕು ಅಂತ ಲ್ಯಾಬ್‌ನವರು ಹೇಳುತ್ತಾರೆ, ಹೇಗೆ ಕೊಡಬೇಕು ಅಂತ ನಾನು ಹೇಳುತ್ತೇನೆ. ಚೆನ್ನಾಗಿ ಬಂದ ಬ್ಯಾಚ್ ಆರಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ತರುತ್ತಾರೆ ಜನ. ಆ ವರದಿ ಡಬ್ಬಿಯಲ್ಲಿದ್ದ ಪುಡಿಯದ್ದು, ನೀವು ಮಾರುವ ಪ್ಯಾಕೆಟ್‌ನದ್ದಲ್ಲ. ಅಂಗಡಿಗೆ ಹೋಗುವ ಅದೇ ಪೌಚ್‌ನಲ್ಲಿ, ಸೀಲ್ ಮಾಡಿ, ಸ್ಟಿಕರ್ ಅಂಟಿಸಿಯೇ ಕೊಡಿ. ಅದೇ ಬ್ಯಾಚಿನ ಒಂದು ಡಜನ್ ಪೌಚ್ ಮನೆಯಲ್ಲೂ ಎತ್ತಿಡಿ, ಅರ್ಧ ಕಪಾಟಿನೊಳಗೆ, ಅರ್ಧ ಬಿಸಿಲು ಬರುವ ಕಿಟಕಿ ಹತ್ತಿರ. ತಿಂಗಳಿಗೊಂದು ಒಡೆದು ಅತ್ತೆಯವರ ಕೈಲಿ ಸಾರು ಮಾಡಿಸಿ ಬರೆದಿಡಿ. ಪೌಚ್ ಕೊಳ್ಳುವ ಮುಂಚೆ ಈ ಪರೀಕ್ಷೆ ಎರಡು ಮೂರು ಬಗೆಯ ಕವರ್‌ನಲ್ಲಿ ಮಾಡಿ, ದಪ್ಪ ಕಂಡ ಮಾತ್ರಕ್ಕೆ ಗಾಳಿ ತಡೆಯುತ್ತದೆ ಅಂತಲ್ಲ.

ಎಳ್ಳುಬೆಲ್ಲ | ನವೆಂಬರ್ 14

ಕೋಡುಬಳೆ ನಿಲ್ಲಿಸೋದಾದ್ರೆ ಅದಕ್ಕೂ ಮುಂಚೆ ಎರಡು ಕೆ.ಜಿ. ಬೇಕು. ಹನುಮಂತನಗರದಲ್ಲಿ ಎಲ್ಲಿ ಸಿಗುತ್ತೆ, ಮೆಸೇಜ್ ಮಾಡಿ.